ಒಮ್ಮೆ ಮೋಸ ಹೋದರೆ ತಪ್ಪು ಅವರದು, ಮತ್ತೆ ಹೋದರೆ? ಈ ಗಾದೆಯ ಅರ್ಥ ತಿಳಿಯಿರಿ

'ಫೂಲ್ ಮಿ ಒನ್ಸ್, ಶೇಮ್ ಆನ್ ಯು. ಫೂಲ್ ಮಿ ಟ್ವೈಸ್, ಶೇಮ್ ಆನ್ ಮಿ'. ಇಂಗ್ಲಿಷ್‌ನ ಈ ಗಾದೆಯನ್ನು ನೀವೂ ಕೇಳಿರುತ್ತೀರಿ. ಒಮ್ಮೆ ನನ್ನನ್ನು ಮೋಸಗೊಳಿಸಿದರೆ ನಾಚಿಕೆ ನಿನಗೆ, ಎರಡನೇ ಸಲವೂ ಮೋಸ ಹೋದರೆ ನಾಚಿಕೆ ನನಗೆ ಎಂಬುದು ಇದರ ನೇರ ಅರ್ಥ.

ಏನು ಹೇಳುತ್ತದೆ?

ಮೊದಲ ಸಲ ಎದುರಿನವರ ಗುಣ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ನಂಬಿದ್ದು ತಪ್ಪಲ್ಲ. ಗುಣ ಗೊತ್ತಾದ ಮೇಲೂ ಅದೇ ವ್ಯಕ್ತಿಯನ್ನು ಕಣ್ಣುಮುಚ್ಚಿ ನಂಬಿದರೆ ಎಚ್ಚರ ತಪ್ಪಿದ್ದು ನಾವು. ಕೈಸಾಲ ಪಡೆದು ಹಿಂತಿರುಗಿಸದ ಗೆಳೆಯ ಮತ್ತೆ ಹಣ ಕೇಳಿದಾಗ ಈ ಮಾತು ಸರಿಯಾಗಿ ಹೊಂದುತ್ತದೆ.

ಎಲ್ಲಿಂದ ಬಂತು?

17ನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಆಂಟನಿ ವೆಲ್ಡನ್ ಇದೇ ಅರ್ಥದ ಮಾತನ್ನು ಇಟಲಿಯವರ ಗಾದೆ ಎಂದು ದಾಖಲಿಸಿದ್ದಾನೆ. 2002ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಭಾಷಣವೊಂದರಲ್ಲಿ ಇದರ ಎರಡನೇ ಭಾಗ ಹೇಳಲಾಗದೆ ತಡವರಿಸಿದ್ದು ದೊಡ್ಡ ಸುದ್ದಿಯಾಗಿತ್ತು.

ನಮ್ಮ ಗಾದೆಗಳು

ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಎಂಬುದು ಹಿಂದಿ ಗಾದೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕಿನ ಕತೆಯೂ ಇದನ್ನೇ ನೆನಪಿಸುತ್ತದೆ. ಆದರೆ ಕನ್ನಡದಲ್ಲಿ 'ಎಡವಿದ ಕಾಲೇ ಎಡವುವುದು ಹೆಚ್ಚು' ಎನ್ನುತ್ತಾರೆ. ಪೆಟ್ಟು ತಿಂದವರಿಗೇ ಮತ್ತೆ ಪೆಟ್ಟು ಬೀಳುತ್ತದೆ ಎಂಬ ಈ ಮಾತಿನಲ್ಲಿ ದೂಷಣೆಯಿಲ್ಲ, ಮರುಕವಿದೆ.

ಎಲ್ಲಿ ಬಳಸಬಾರದು?

ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗೆ ಕೆಲವೊಮ್ಮೆ ಇನ್ನೊಂದು ಕರೆ ಬರುತ್ತದೆ. ಪೊಲೀಸ್ ಅಥವಾ ವಕೀಲರ ಸೋಗಿನಲ್ಲಿ ಮಾತನಾಡುವವರು, 'ಹೋದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ' ಎನ್ನುತ್ತಾರೆ. ಇಲ್ಲಿ ಹೆಸರು ಬೇರೆ, ದನಿ ಬೇರೆ. ಗುಣ ಗೊತ್ತಿದ್ದೂ ನಂಬಿದರು ಎನ್ನುವಂತಿಲ್ಲ. ಎರಡನೇ ಸಲವೂ ಅಪರಾಧ ವಂಚಕನದೇ.

ಮನೆಯವರು 'ಮತ್ತೆ ಮೋಸ ಹೋದಿರಾ?' ಎಂದು ಹಂಗಿಸಿದರೆ ಹಿರಿಯರು ನಾಚಿಕೆಯಿಂದ ವಿಷಯವನ್ನೇ ಮುಚ್ಚಿಡಬಹುದು. ಸೈಬರ್ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದಷ್ಟೂ ಬ್ಯಾಂಕ್‌ನಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ಗಾದೆಯನ್ನು ನಮ್ಮ ಎಚ್ಚರಕ್ಕೆ ಇಟ್ಟುಕೊಳ್ಳೋಣ, ನೊಂದವರನ್ನು ಚುಚ್ಚಲು ಬೇಡ.