ದಾರಿಯಲ್ಲಿ ಸಾಯುತ್ತಿದ್ದ ಲಸಿಕೆ

ಸಿಡುಬಿನ ಕಥೆ ಹೇಳುವವರು ಎರಡು ಇಸವಿಗಳನ್ನು ಮರೆಯುವುದಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಯಲ್ಲೆದ್ದ ದನದ ಸಿಡುಬಿನ ಗುಳ್ಳೆಯಿಂದ ರಸ ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ್ದು 1796ರಲ್ಲಿ. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ನಡುವೆ 184 ವರ್ಷ. ತಡೆಯುವ ಉಪಾಯ ಗೊತ್ತಿದ್ದೂ ಇಷ್ಟು ಕಾಲ ಜನ ಸಾಯುತ್ತಲೇ ಹೋದದ್ದೇಕೆ? ಅಜ್ಞಾನ, ದೇವಿಯ ಭಯ, ಸರ್ಕಾರಗಳ ಉದಾಸೀನ ಎಂಬ ಉತ್ತರಗಳು ಸಿದ್ಧವಾಗಿಯೇ ಇವೆ. ಅವುಗಳಲ್ಲಿ ಸತ್ಯಾಂಶವೂ ಇದೆ. ಆದರೆ ಅವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು: ಲಸಿಕೆ ದಾರಿಯಲ್ಲೇ ಸಾಯುತ್ತಿತ್ತು. ತಯಾರಾದ ಕಡೆ ಜೀವಂತವಾಗಿದ್ದದ್ದು ತೋಳು ಮುಟ್ಟುವ ಹೊತ್ತಿಗೆ ಬರೀ ನೀರು. ಆದ್ದರಿಂದ ಲಸಿಕೆಯ ಚರಿತ್ರೆಯಲ್ಲಿ ಅದನ್ನು ಕಂಡುಹಿಡಿದವರಿಗೆ ಸಿಕ್ಕಷ್ಟೇ ಜಾಗ ಅದನ್ನು ಕೆಡದಂತೆ ಸಾಗಿಸಿದವರಿಗೂ ಸಿಗಬೇಕು ಎಂಬುದು ನನ್ನ ವಾದ.

ಭಾರತಕ್ಕೆ ಅದು ಬಂದ ಬಗೆಯನ್ನೇ ನೋಡಿ. ಆಫ್ರಿಕಾ ಖಂಡವನ್ನು ಬಳಸಿ ಬರುವ ಹಡಗು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿತ್ತು. ರಸ ಅಷ್ಟು ದಿನ ಬಾಳುತ್ತಿರಲಿಲ್ಲ. ವಿಯೆನ್ನಾದ ವೈದ್ಯ ಜಾನ್ ದೆ ಕಾರೊ ನೆಲದ ದಾರಿ ಹಿಡಿದ. ರಸದಲ್ಲಿ ನೆನೆಸಿದ ಬಟ್ಟೆಯ ಎಳೆಗಳನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ಇಟ್ಟು, ಅಂಚು ಮುಚ್ಚಿ, ಇಡೀ ಗಾಜನ್ನು ಕರಗಿದ ಮೇಣದಲ್ಲಿ ಮತ್ತೆ ಮತ್ತೆ ಅದ್ದಿ ಗಟ್ಟಿ ಉಂಡೆ ಮಾಡಿ, ಕಾಗದದ ಚೂರು ತುಂಬಿದ ಪೆಟ್ಟಿಗೆಯಲ್ಲಿ ಕಳಿಸಿದ. ಬಾಗ್ದಾದಿನಲ್ಲಿ ಒಡೆದು ನೋಡಿದಾಗ ರಸ ಇನ್ನೂ ಒಣಗಿರಲಿಲ್ಲ. ಅಲ್ಲಿಂದ ಬಸ್ರಾ, ಬಸ್ರಾದಿಂದ ಮುಂಬಯಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಲಸಿಕೆ ಹತ್ತಿತು. ಆ ಮಗುವಿನ ತೋಳಿನ ಗುಳ್ಳೆಯಿಂದ ಬೇರೆ ಮಕ್ಕಳಿಗೆ, ಆ ಮಕ್ಕಳಿಂದ ಪುಣೆ, ಹೈದರಾಬಾದು, ಮದರಾಸುಗಳಿಗೆ ಅದು ಹಬ್ಬಿತು. ನಾಲ್ಕು ವರ್ಷದೊಳಗೆ ಮೈಸೂರು ಅರಮನೆಯನ್ನೂ ಮುಟ್ಟಿತ್ತು. ಥಾಮಸ್ ಹಿಕಿಯದೆನ್ನಲಾದ, 1805ರ ಸುಮಾರಿನ ಒಂದು ಚಿತ್ರದಲ್ಲಿ ಮೈಸೂರಿನ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿ ಒಬ್ಬಳು ಸೆರಗು ಸರಿಸಿ ಎಡತೋಳನ್ನು ಕಾಣಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ತೋರಿಸಲೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದ ದೇವಾಜಮ್ಮಣ್ಣಿ ಎಂಬುದು ಅವರ ನಿಲುವು. ಎಲ್ಲರೂ ಇದನ್ನು ಒಪ್ಪುವುದಿಲ್ಲವಾದರೂ ನನಗೆ ಇದು ಸಮಂಜಸವಾಗಿಯೇ ಕಾಣುತ್ತದೆ.

ಇದೇ ಕಾಲಕ್ಕೆ ಸ್ಪೇನ್ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿತು. 1803ರ ನವೆಂಬರ್ 30ರಂದು ಲಾ ಕೊರೂನ್ಯ ಬಂದರಿನಿಂದ ಮರಿಯಾ ಪೀತಾ ಎಂಬ ಹಡಗು ಅಮೆರಿಕದತ್ತ ಹೊರಟಿತು. ಮುಖಂಡ ವೈದ್ಯ ಫ್ರಾನ್ಸಿಸ್ಕೊ ಹಾವಿಯೆರ್ ಬಾಲ್ಮಿಸ್. ಲಸಿಕೆಯನ್ನು ತುಂಬಿಕೊಂಡದ್ದು ಸೀಸೆಗಳಲ್ಲಿ ಅಲ್ಲ, 22 ಅನಾಥ ಹುಡುಗರ ಮೈಯಲ್ಲಿ. ಇಬ್ಬರು ಹುಡುಗರಿಗೆ ಲಸಿಕೆ ಹಾಕುವುದು, ಒಂಬತ್ತು ಹತ್ತು ದಿನಕ್ಕೆ ಗುಳ್ಳೆ ಬಲಿತಾಗ ಅದರ ರಸವನ್ನು ಮುಂದಿನ ಇಬ್ಬರಿಗೆ ದಾಟಿಸುವುದು. ಹೀಗೆ ಅಟ್ಲಾಂಟಿಕ್ ಸಾಗರವನ್ನೇ ದಾಟಿದರು. ಮಕ್ಕಳನ್ನು ನೋಡಿಕೊಂಡವಳು ಅನಾಥಾಲಯದ ಮೇಲ್ವಿಚಾರಕಿ ಇಸಾಬೆಲ್ ಸೆಂದಾಲ್. ಆಮೇಲೆ ಮೆಕ್ಸಿಕೊದ 26 ಹುಡುಗರು ಅದನ್ನು ಹೊತ್ತು 1805ರಲ್ಲಿ ಮನಿಲಾ ತಲುಪಿದರು. ಇದನ್ನು ಮಾನವೀಯತೆಯ ಮಹಾಯಾತ್ರೆ ಎಂದು ಹೊಗಳುವವರಿದ್ದಾರೆ, ಕೇಳುವವರಿಲ್ಲದ ಮಕ್ಕಳ ಮೈಯನ್ನು ಪಾತ್ರೆ ಮಾಡಿಕೊಂಡ ಕ್ರೌರ್ಯ ಎನ್ನುವವರೂ ಇದ್ದಾರೆ. ಎರಡೂ ನಿಜ. ಲಕ್ಷಾಂತರ ಜನರನ್ನು ಉಳಿಸಿದ ಯಾತ್ರೆಯ ಭಾರ ಬಿದ್ದದ್ದು ‘ಒಲ್ಲೆ’ ಎನ್ನುವ ಶಕ್ತಿಯಿಲ್ಲದವರ ಮೇಲೆ ಎಂಬುದನ್ನು ಮರೆಸಿ ಬರೆದ ಚರಿತ್ರೆ ಪೂರ್ಣವಲ್ಲ.

ತೋಳಿನಿಂದ ತೋಳಿಗೆ ದಾಟಿಸುವ ಈ ಪದ್ಧತಿಗೆ ಬೇರೆ ಕೇಡುಗಳೂ ಇದ್ದವು. ಒಂದು ಮಗುವಿನ ಸಿಫಿಲಿಸ್ ಇನ್ನೊಂದು ಮಗುವಿಗೆ ಅಂಟುತ್ತಿತ್ತು. ನಮ್ಮಲ್ಲಿ ಬೇರೆ ಜಾತಿಯ ಮಗುವಿನ ಮೈಯ ರಸ ಬೇಡವೆಂಬ ತಕರಾರೂ ಎದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕರುಗಳ ಮೈಮೇಲೆ ಲಸಿಕೆ ಬೆಳೆಸುವುದು ರೂಢಿಗೆ ಬಂದು ಈ ತೊಂದರೆ ನೀಗಿತು. ಬಿಸಿಲು ಮಾತ್ರ ನೀಗಲಿಲ್ಲ. ಮೈಲಿ ಹಾಕುವವರು ಹಳ್ಳಿ ತಲುಪುವ ಹೊತ್ತಿಗೆ ಲಸಿಕೆ ಸತ್ವ ಕಳೆದುಕೊಂಡಿರುತ್ತಿತ್ತು. ಹಾಕಿಸಿಕೊಂಡ ಮಗುವಿಗೂ ಸಿಡುಬು ಬಂದರೆ ಜನ ಲಸಿಕೆಯನ್ನು ನಂಬದೆ ಹೋದದ್ದರಲ್ಲಿ ಆಶ್ಚರ್ಯವೇನು? ನಾವು ಅಜ್ಞಾನ ಎಂದು ಕರೆದದ್ದರಲ್ಲಿ ಎಷ್ಟೋ ಪಾಲು ಅನುಭವವೇ ಆಗಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು 1950ರ ದಶಕದಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕೋಲಿಯರ್ ಲಸಿಕೆಗೆ ಪೆಪ್ಟೋನ್ ಎಂಬ ಪ್ರೋಟೀನ್ ಅಂಶ ಸೇರಿಸಿ, ಹೆಪ್ಪುಗಟ್ಟಿಸಿ ಒಣಗಿಸಿದ. ಆ ಪುಡಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ವಾರಗಟ್ಟಲೆ ಉಳಿಯುತ್ತಿತ್ತು. ಮುಂದೆ ಭಾರತದಲ್ಲಿ ಇದನ್ನು ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯ ಲಸಿಕೆ ಸಂಸ್ಥೆಯೂ ಒಂದು. 1960ರ ದಶಕದಲ್ಲಿ ಕವಲು ಸೂಜಿ ಬಂತು. ತುದಿಯಲ್ಲಿ ಎರಡು ಹಲ್ಲುಗಳಿರುವ ಸಣ್ಣ ಉಕ್ಕಿನ ಕಡ್ಡಿ. ಅದನ್ನು ಸೀಸೆಯಲ್ಲಿ ಅದ್ದಿದರೆ ಹಲ್ಲುಗಳ ನಡುವೆ ಬೇಕಾದಷ್ಟೇ ಹನಿ ನಿಲ್ಲುತ್ತದೆ, ತೋಳಿನ ಮೇಲೆ ಸಣ್ಣ ಸುತ್ತಿನೊಳಗೆ ಹದಿನೈದು ಸಲ ಚುಚ್ಚಿದರೆ ಮುಗಿಯಿತು. ಮೊದಲು 25 ಜನಕ್ಕೆ ಸಾಲುತ್ತಿದ್ದ ಲಸಿಕೆ ಈಗ 100 ಜನಕ್ಕೆ ಸಾಲತೊಡಗಿತು. ಇದನ್ನು ಕಲಿಯಲು ಡಾಕ್ಟರಿಕೆ ಓದಬೇಕಿರಲಿಲ್ಲ.

ಜೆನ್ನರ್ ಇಲ್ಲದಿದ್ದರೆ ಸಾಗಿಸುವುದಕ್ಕೆ ಏನಿತ್ತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಯುರೋಪು, ಉತ್ತರ ಅಮೆರಿಕಗಳಿಂದ ಸಿಡುಬು ಹೆಚ್ಚುಕಡಿಮೆ ತೊಲಗಿತ್ತು. ಭಾರತ, ಆಫ್ರಿಕಾಗಳಲ್ಲಿ ಕೊಲ್ಲುತ್ತಲೇ ಇತ್ತು. ಎರಡೂ ಕಡೆ ಜ್ಞಾನ ಒಂದೇ. ವ್ಯತ್ಯಾಸವಿದ್ದದ್ದು ಹವೆಯಲ್ಲಿ, ರಸ್ತೆಯಲ್ಲಿ, ಸರಬರಾಜಿನಲ್ಲಿ. ಸಿಡುಬನ್ನು ಕೊನೆಗೂ ಸೋಲಿಸಿದ ತಂತ್ರ ಹುಟ್ಟಿದ್ದೂ ಸರಬರಾಜಿನ ಕೊರತೆಯಿಂದಲೇ. 1966ರ ಡಿಸೆಂಬರಿನಲ್ಲಿ ಪೂರ್ವ ನೈಜೀರಿಯಾದಲ್ಲಿ ಅಮೆರಿಕದ ವೈದ್ಯ ವಿಲಿಯಂ ಫೀಗಿ ಅವರ ಬಳಿ ಎಲ್ಲರಿಗೂ ಹಾಕುವಷ್ಟು ಲಸಿಕೆ ಇರಲಿಲ್ಲ. ರೋಗ ಕಂಡ ಮನೆಗಳನ್ನು ಹುಡುಕಿ, ಅವುಗಳ ಸುತ್ತಲಿನವರಿಗೆ ಮಾತ್ರ ಹಾಕಿದರು. ಸೋಂಕಿನ ಸರಪಳಿ ಕಡಿಯಿತು. ಭಾರತವೂ ಇದೇ ದಾರಿ ಹಿಡಿದು 1975ರ ಮೇ ತಿಂಗಳಲ್ಲಿ ತನ್ನ ಕೊನೆಯ ರೋಗಿಯನ್ನು ಕಂಡಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಆ ಕೊನೆಯ ವರ್ಷಗಳಲ್ಲಿ ಬಿಹಾರದಂಥ ಕಡೆ ರಾತ್ರಿ ಮನೆಗೆ ನುಗ್ಗಿ, ಒಲ್ಲದವರನ್ನು ಹಿಡಿದು ಲಸಿಕೆ ಹಾಕಿದ್ದುಂಟು. ಆಂದೋಲನದಲ್ಲಿ ಇದ್ದವರೇ ಅದನ್ನು ಬರೆದಿಟ್ಟಿದ್ದಾರೆ. ಫಲ ಒಳ್ಳೆಯದಾಯಿತು ಎಂಬ ಕಾರಣಕ್ಕೆ ಇದನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಲಸಿಕೆಯನ್ನು ತೋಳಿನವರೆಗೆ ಒಯ್ಯುವುದೆಂದರೆ ಆ ತೋಳಿನ ಒಡೆಯರನ್ನು ಒಪ್ಪಿಸುವುದೂ ಹೌದು. ಅದಕ್ಕೆ ಊರಿನ ಪರಿಚಯವಿದ್ದವರು ಬೇಕು. 2011ರ ಜನವರಿಯಲ್ಲಿ ಭಾರತದ ಕೊನೆಯ ಪೋಲಿಯೊ ಪ್ರಕರಣ ಕಾಣಿಸಿಕೊಳ್ಳುವವರೆಗೆ ಮನೆಮನೆ ಸುತ್ತಿದ ಅಂಗನವಾಡಿ, ಆಶಾ ಕಾರ್ಯಕರ್ತೆಯರು ಈ ಕೆಲಸವನ್ನು ಬಲವಂತಕ್ಕಿಂತ ಚೆನ್ನಾಗಿ ಮಾಡಿದರು. ಅವರ ಹೆಗಲ ಮೇಲಿದ್ದ ವ್ಯಾಕ್ಸಿನ್ ಕ್ಯಾರಿಯರಿನೊಳಗಿನ ಸೀಸೆಗೆ 1996ರಿಂದ ಒಂದು ಚೀಟಿ ಅಂಟಿಕೊಂಡಿದೆ: ವೃತ್ತದೊಳಗೊಂದು ಬಿಳಿ ಚೌಕ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ಅದು ವೃತ್ತದ ಬಣ್ಣಕ್ಕೆ ಬಂತೆಂದರೆ ಆ ಲಸಿಕೆಯನ್ನು ಎಸೆಯಬೇಕು. ಲಸಿಕೆ ಜೀವಂತವಾಗಿದೆಯೋ ಇಲ್ಲವೋ ಎಂದು ಬಾಗ್ದಾದಿನಲ್ಲಿ ಮೇಣ ಒಡೆದು ನೋಡಬೇಕಿದ್ದ ಕಾಲದಿಂದ ಇಲ್ಲಿಗೆ ಬರಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ಈಗಿನ ತೊಡಕು ದಾರಿಯದಲ್ಲ, ಒಡೆತನದ್ದು ಎನ್ನುವವರಿಗೆ ಕೋವಿಡ್ ಕಾಲದ ಉದಾಹರಣೆ ಕೈಗೆ ಸಿಗುತ್ತದೆ. ಶ್ರೀಮಂತ ದೇಶಗಳು ಮೊದಲೇ ಕೊಂಡಿಟ್ಟುಕೊಂಡವು. 2021ರಲ್ಲಿ 200 ಕೋಟಿ ಡೋಸ್ ಹಂಚುವೆನೆಂದಿದ್ದ ಜಾಗತಿಕ ಲಸಿಕೆ ಹಂಚಿಕೆ ಯೋಜನೆ ಕೋವ್ಯಾಕ್ಸ್ 100 ಕೋಟಿಯನ್ನು ಮುಟ್ಟಿದ್ದೇ 2022ರ ಜನವರಿಯಲ್ಲಿ. ಒಪ್ಪುತ್ತೇನೆ. ಆದರೆ ಯಾರಿಗೆ ಯಾವಾಗ ಕಳಿಸಬೇಕೆಂಬ ತೀರ್ಮಾನವೂ ಸರಬರಾಜಿನ ಭಾಗವೇ, ಅದು ತಡವಾದರೆ ಬಿಸಿಲಿನಷ್ಟೇ ಖಚಿತವಾಗಿ ಲಸಿಕೆ ಕೆಡುತ್ತದೆ. 2021ರ ಮಾರ್ಚಿನಲ್ಲಿ ಆಫ್ರಿಕಾ ಒಕ್ಕೂಟದ ಮೂಲಕ ಮಲಾವಿಗೆ 1,02,000 ಡೋಸ್ ಬಂದಿಳಿದಾಗ ಅವುಗಳ ಅವಧಿ ಮುಗಿಯಲು 18 ದಿನವಷ್ಟೇ ಉಳಿದಿತ್ತು. ಅಲ್ಲಿನ ಆರೋಗ್ಯ ಸಿಬ್ಬಂದಿ ಅಷ್ಟರಲ್ಲೇ ಸುಮಾರು ಶೇಕಡ 80ರಷ್ಟನ್ನು ಬಳಸಿ ಮುಗಿಸಿದರು. ಮಿಕ್ಕ 19,610 ಡೋಸ್‌ಗಳನ್ನು ಮೇ ತಿಂಗಳಲ್ಲಿ ಸುಟ್ಟುಹಾಕಲಾಯಿತು. ಆ ನಷ್ಟವನ್ನು ಮಲಾವಿಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ.