ಸರಕು ನೋಡದ ವ್ಯಾಪಾರ: ವಿ.ಪಿ.ಪಿ.ಯಿಂದ ಡ್ರಾಪ್‌ಶಿಪ್ಪಿಂಗ್‌ವರೆಗೆ

ಶೃಂಗೇರಿಯಿಂದ ಕೆರೆಕಟ್ಟೆ ಕಡೆಗೆ ಹೋಗುವ ರಸ್ತೆಯಲ್ಲಿ ನೆಮ್ಮಾರ್ ಸಿಗುತ್ತದೆ. ಪಕ್ಕದಲ್ಲಿ ತುಂಗೆ, ಸುತ್ತ ಅಡಿಕೆ, ಕಾಳುಮೆಣಸು, ಒಂದಿಷ್ಟು ಕಾಫಿ. ಇಂಥ ಊರಿನ ಜಗಲಿಯಲ್ಲಿ ಕೂತು ಸೂರತ್ತಿನ ಸೀರೆಯನ್ನು ಹುಬ್ಬಳ್ಳಿಯ ಗಿರಾಕಿಗೆ ಮಾರಬಹುದು, ಸೀರೆಯನ್ನು ಒಮ್ಮೆಯೂ ಕಣ್ಣಾರೆ ನೋಡದೆ. ಫೋಟೋ ತೋರಿಸಿ ಆರ್ಡರ್ ಹಿಡಿದರೆ ಸಾಕು. ಅದನ್ನು ಸಗಟು ವ್ಯಾಪಾರಿಗೆ ದಾಟಿಸಿದ ಮೇಲೆ ಪಾರ್ಸೆಲ್ ಅಲ್ಲಿಂದಲೇ ಗಿರಾಕಿಯ ಮನೆಗೆ ಹೋಗುತ್ತದೆ, ಬೆಲೆಯ ನಡುವಿನ ವ್ಯತ್ಯಾಸ ಮಾರಿದವರ ಪಾಲು. ಡ್ರಾಪ್‌ಶಿಪ್ಪಿಂಗ್ ಅಂದರೆ ಇಷ್ಟೆ. ಗೋದಾಮು ಬೇಡ, ಬಂಡವಾಳ ಬೇಡ ಎಂದು ರೀಲ್ಸ್‌ಗಳಲ್ಲಿ ಸಾರುತ್ತಾರೆ. ಅದು ಮೇಲ್ನೋಟಕ್ಕೆ ನಿಜವೂ ಹೌದು. ಮಾಲು ಕೆಟ್ಟು ಬಂದರೆ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ಆ ರೀಲ್ಸ್‌ಗಳಲ್ಲಿ ಬರುವುದಿಲ್ಲ.

ತನ್ನದಲ್ಲದ ಮಾಲನ್ನು ಮಾರುವ ದಂಧೆ ಮಲೆನಾಡಿಗೆ ಹೊಸದೇನೂ ಅಲ್ಲ. ಅಡಿಕೆ ಮಂಡಿಯ ದಲಾಲಿ ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಅದನ್ನೇ. ಆದರೆ ಅಡಿಕೆ ಮೂಟೆ ಅವನ ಅಂಗಳಕ್ಕೇ ಬಂದು ಬೀಳುತ್ತಿತ್ತು, ಖರೀದಿದಾರ ಕೈಯಲ್ಲಿ ಹಿಡಿದು, ಕತ್ತರಿಸಿ ನೋಡಿ ದರ ಹೇಳುತ್ತಿದ್ದ. ಮುಂದಿನ ಬೆಳೆಯ ಮೇಲೆ ಮುಂಗಡ ಕೊಟ್ಟವನೂ ಅದೇ ಮಂಡಿಯವನಾದ್ದರಿಂದ ಜಗಳವಾಡಲು ಒಂದು ಬಾಗಿಲಾದರೂ ಇತ್ತು. ಆ ಜಗಳ ಹೆಚ್ಚಾದಾಗಲೇ ಬೆಳೆಗಾರರು ಒಟ್ಟಾದದ್ದು: ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್ಕೋಸ್, ಮಂಗಳೂರಿನಲ್ಲಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಗಳು ಹುಟ್ಟಿದವು. ಮಧ್ಯವರ್ತಿಯ ಲೆಕ್ಕಾಚಾರವನ್ನು ಇಷ್ಟು ಹತ್ತಿರದಿಂದ ಕಂಡ ಸೀಮೆ ಈಗ ತಾನೇ ಮಧ್ಯವರ್ತಿಯಾಗಲು ಹೊರಟಿದೆ.

ದೂರದಿಂದ ಮಾಲು ತರಿಸುವುದು ಕೂಡ ಹಳೆಯದೇ. ಬ್ರಿಟಿಷರ ಕಾಲದ ಅಂಚೆ ಇಲಾಖೆ 1877ರಲ್ಲೇ ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಶುರುಮಾಡಿತ್ತು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದರೆ ಗಡಿಯಾರ, ಟಾನಿಕ್, ಪುಸ್ತಕ, ಬಿತ್ತನೆ ಬೀಜ ಏನು ಬೇಕಾದರೂ ಅಂಚೆಯಣ್ಣನ ಚೀಲದಲ್ಲಿ ಬರುತ್ತಿತ್ತು. ದುಡ್ಡು ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚಬೇಕು. ಟ್ರಾನ್ಸಿಸ್ಟರ್ ಬದಲು ಇಟ್ಟಿಗೆ ಬಂದ ಕಥೆ ಹೇಳದ ಊರು ಕರ್ನಾಟಕದಲ್ಲಿ ಕಡಿಮೆ. ಇಂದಿನ ಕ್ಯಾಶ್ ಆನ್ ಡೆಲಿವರಿ ಇದೇ ವಿ.ಪಿ.ಪಿ.ಯ ಮೊಮ್ಮಗು, ಅಜ್ಜನ ರೋಗವೂ ಅದಕ್ಕೆ ಬಂದಿದೆ.

ಅಮೆರಿಕದಲ್ಲಿ ಡ್ರಾಪ್‌ಶಿಪ್ಪಿಂಗ್ ಬೆಳೆದದ್ದು ಕಲ್ಲಿದ್ದಲು, ಮರಮುಟ್ಟುಗಳ ಸಗಟು ವ್ಯಾಪಾರದಲ್ಲಿ. ಭಾರದ ಸರಕನ್ನು ಎರಡು ಸಲ ಇಳಿಸಿ ಏರಿಸುವ ಬದಲು ಗಣಿಯಿಂದ ನೇರವಾಗಿ ಗಿರಾಕಿಗೆ ಕಳಿಸುವುದು ಲಾಭವಾಗಿತ್ತು. ಇಂಟರ್ನೆಟ್ಟಿನ ಕಾಲಕ್ಕೆ ಸರಕು ಹಗುರವಾಯಿತು. 2006ರಲ್ಲಿ ಶಾಪಿಫೈ ಬಂದು ಯಾರು ಬೇಕಾದರೂ ಆನ್‌ಲೈನ್ ಅಂಗಡಿ ತೆರೆಯುವಂತಾಯಿತು, 2010ರಲ್ಲಿ ಅಲಿಎಕ್ಸ್‌ಪ್ರೆಸ್ ಬಂದು ಚೀನಾದ ಕಾರ್ಖಾನೆಗಳ ಮಾಲನ್ನು ಒಂದೊಂದೇ ಬಿಡಿಯಾಗಿ ಜಗತ್ತಿಗೆ ತೆರೆದಿಟ್ಟಿತು. ನಮ್ಮಲ್ಲಿ ಆ ದಾರಿ ಬೇಗನೇ ಮುಚ್ಚಿತು. ಉಡುಗೊರೆ ಎಂಬ ಹೆಸರಿನಲ್ಲಿ ಸುಂಕವಿಲ್ಲದೆ ಬರುತ್ತಿದ್ದ ಪಾರ್ಸೆಲ್‌ಗಳಿಗೆ 2019ರ ಡಿಸೆಂಬರಿನಲ್ಲಿ ತಡೆ ಬಿತ್ತು, 2020ರ ನವೆಂಬರಿನಲ್ಲಿ ಅಲಿಎಕ್ಸ್‌ಪ್ರೆಸ್ ಆ್ಯಪನ್ನೇ ನಿಷೇಧಿಸಲಾಯಿತು. ಹೀಗಾಗಿ ಭಾರತದ ಡ್ರಾಪ್‌ಶಿಪ್ಪಿಂಗ್ ಹೆಚ್ಚಾಗಿ ಸೂರತ್ತಿನ ಸೀರೆ, ಜೈಪುರದ ಕುರ್ತಿ, ತಿರುಪ್ಪೂರಿನ ಬನಿಯನ್ನುಗಳ ಮೇಲೆ ನಿಂತಿತು.

ಇದನ್ನು ಅಡುಗೆಮನೆಯವರೆಗೆ ತಂದದ್ದು ಬೆಂಗಳೂರು. 2007ರಲ್ಲಿ ಅಲ್ಲಿ ಪುಸ್ತಕ ಮಾರುತ್ತ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದು, ಕಾರ್ಡ್ ಇಲ್ಲದವರೂ ಆನ್‌ಲೈನಿನಲ್ಲಿ ಕೊಳ್ಳುವಂತೆ ಮಾಡಿತು. 2015ರಲ್ಲಿ ಅದೇ ನಗರದಲ್ಲಿ ವಿದಿತ್ ಆತ್ರೇಯ್, ಸಂಜೀವ್ ಬರ್ನ್‌ವಾಲ್ ಆರಂಭಿಸಿದ ಮೀಶೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಾಟ್ಸಾಪ್ ಗುಂಪುಗಳಲ್ಲಿ ಆಗಲೇ ಬಟ್ಟೆ ಮಾರುತ್ತಿದ್ದ ಹೆಂಗಸರನ್ನು ಕಂಡು, ಅವರ ಕೈಗೆ ಸಗಟು ಮಾಲಿನ ಪಟ್ಟಿ ಕೊಟ್ಟು, ಮಾರ್ಜಿನ್ ನೀವೇ ಇಟ್ಟುಕೊಳ್ಳಿ ಎಂದಿತು. ಮರುವರ್ಷವೇ ಜಿಯೋ ಬಂದು ಡೇಟಾ ಅಗ್ಗವಾಯಿತು. ಕೊಪ್ಪ, ಶೃಂಗೇರಿಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ವರ್ಷಗಳಿಂದ ತಿನ್ನುತ್ತಿತ್ತು, ಆಮೇಲೆ ಎಲೆಚುಕ್ಕಿಯೂ ಸೇರಿಕೊಂಡಿತು. ಮನೆಗೆ ಇನ್ನೊಂದು ಆದಾಯ ಬೇಕಾಗಿದ್ದ ಹೊತ್ತಿಗೆ ಫೋನಿನಲ್ಲೇ ಅಂಗಡಿ ತೆರೆದುಕೊಂಡರೆ ಯಾರು ಬೇಡವೆಂದಾರು?

ಗಿರಾಕಿಗೂ ಅದರಲ್ಲಿ ಸುಖವಿತ್ತು. ಮಾರುವವಳು ಪರಿಚಯದ ಅಕ್ಕ. ಅಳತೆ ಕೇಳಬಹುದು, ಬಣ್ಣ ಹೋಗುತ್ತದೆಯೇ ಎಂದು ಕನ್ನಡದಲ್ಲೇ ವಿಚಾರಿಸಬಹುದು, ದುಡ್ಡನ್ನು ಮುಂದಿನ ವಾರ ಕೊಡುತ್ತೇನೆ ಎನ್ನಬಹುದು. ಪೇಟೆಯ ಅಂಗಡಿಯಲ್ಲಿ ಸಿಗದ ನೂರು ನಮೂನೆ ಸ್ಟೇಟಸ್‌ನಲ್ಲಿ ಸಿಗುತ್ತಿತ್ತು. ಆದರೆ ನೆರೆಮನೆಯವಳ ಫೋನಿಗೂ ಅದೇ ಆ್ಯಪ್ ಬಂದು, ಅದೇ ಸೀರೆ ಅಲ್ಲಿ ಇನ್ನೂರು ರೂಪಾಯಿ ಕಡಿಮೆಗೆ ಕಂಡ ದಿನ ಆ ವ್ಯಾಪಾರ ಮುಗಿಯಿತು. ಸಂಬಂಧಕ್ಕೂ ಸ್ವಲ್ಪ ಏಟು ಬಿತ್ತು. 2021ರ ಹೊತ್ತಿಗೆ ಮೀಶೋ ನೇರವಾಗಿ ಗಿರಾಕಿಗೇ ಮಾರುವ ಕಡೆಗೆ ಹೊರಳಿತ್ತು. ಗೋದಾಮಿನ ಕೀಲಿ ಬೇರೆಯವರ ಕೈಯಲ್ಲಿರುವ ವ್ಯಾಪಾರದಲ್ಲಿ ಇದು ಆಗಿಯೇ ಆಗುತ್ತದೆ ಎಂದು ನನ್ನ ಎಣಿಕೆ.

ಈಗ ಉಳಿದ ದಾರಿ ಸ್ವಂತ ಇನ್‌ಸ್ಟಾಗ್ರಾಂ ಪುಟ, ಸ್ವಂತ ವೆಬ್‌ಸೈಟು, ದುಡ್ಡು ಕೊಟ್ಟು ಜಾಹೀರಾತು. ಅದರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಿ. 350 ರೂಪಾಯಿಯ ಮಾಲನ್ನು 699ಕ್ಕೆ ಮಾರುತ್ತೀರಿ. ಒಂದು ಆರ್ಡರ್ ಹಿಡಿಯಲು ಜಾಹೀರಾತಿಗೆ 120, ಕೊರಿಯರ್‌ಗೆ 80. ಹತ್ತು ಆರ್ಡರ್‌ಗಳಲ್ಲಿ ಮೂವರು ಬಾಗಿಲಲ್ಲೇ ಬೇಡವೆಂದು ವಾಪಸು ಕಳಿಸಿದರು ಎನ್ನೋಣ. ಕೈಗೆ ಬರುವುದು 4,893. ಏಳು ಮಾಲಿನ ಅಸಲು 2,450, ಜಾಹೀರಾತು 1,200, ಹೋಗುವ ಕೊರಿಯರ್ 800, ಮೂರರ ವಾಪಸು ಖರ್ಚು 240. ಉಳಿಯುವುದು 203 ರೂಪಾಯಿ, ಅದೂ ಸಗಟಿನವನು ವಾಪಸು ಬಂದ ಮಾಲನ್ನು ಗೊಣಗದೆ ಹಿಂದಕ್ಕೆ ತೆಗೆದುಕೊಂಡರೆ, ತೆರಿಗೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ. ನಾಲ್ಕನೆಯವರೂ ಬೇಡವೆಂದರೆ 226 ರೂಪಾಯಿ ನಷ್ಟ. ಬಂಡವಾಳವಿಲ್ಲದ ವ್ಯಾಪಾರ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಬಂಡವಾಳ ಗೋದಾಮಿನಿಂದ ಜಾಹೀರಾತಿಗೆ ಜಾಗ ಬದಲಿಸಿದೆ, ಅಷ್ಟೆ. ಇದರಲ್ಲಿ ನಿಶ್ಚಿತವಾಗಿ ದುಡ್ಡು ಮಾಡುವವರು ಜಾಹೀರಾತು ಮಾರುವವರು, ಕೊರಿಯರಿನವರು ಮತ್ತು ಡ್ರಾಪ್‌ಶಿಪ್ಪಿಂಗ್ ಕಲಿಸಿಕೊಡುತ್ತೇವೆ ಎಂದು ಕೋರ್ಸ್ ಮಾರುವವರು.

ಕೊಳ್ಳುವವರ ಕಷ್ಟ ಬೇರೆ ತೆರನಾದದ್ದು. ಚಿತ್ರದಲ್ಲಿ ರೇಷ್ಮೆ, ಪೊಟ್ಟಣದಲ್ಲಿ ಪಾಲಿಯೆಸ್ಟರ್. ದೂರು ಹೇಳಿದರೆ ಮಾರಿದವರು ಸಗಟಿನವರ ಕಡೆ ಬೆರಳು ತೋರಿಸುತ್ತಾರೆ, ಸಗಟಿನವರು ಕೊರಿಯರ್ ಕಡೆ. ಮಲೆನಾಡಿನಲ್ಲಿ ಇನ್ನೂ ಒಂದು ತೊಡಕು. ತೋಟದ ಮನೆಯವರೆಗೆ ಬರಲು ಒಪ್ಪದ ಕೊರಿಯರಿನವರು ಪೇಟೆಗೆ ಬಂದು ತೆಗೆದುಕೊಂಡು ಹೋಗಿ ಎನ್ನುತ್ತಾರೆ. ವಾಪಸು ಕೊಡಬೇಕಾದರೂ ಮತ್ತೆ ಪೇಟೆಗೇ ಹೋಗಬೇಕು, ಬಸ್ಸಿನ ಚಾರ್ಜು ನಮ್ಮದೇ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದರೆ ವಾಪಸು ಮಾಡುವ ಗಡುವೂ ಅಷ್ಟರಲ್ಲಿ ದಾಟಿರುತ್ತದೆ.

ಕಾನೂನು ಮಾತ್ರ ಈ ವಿಷಯದಲ್ಲಿ ನಾವು ಎಣಿಸಿದ್ದಕ್ಕಿಂತ ಗಟ್ಟಿಯಾಗಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ, ಮಾಲು ತಯಾರಾದ ದೇಶ ಇವೆಲ್ಲ ಗಿರಾಕಿಗೆ ಕಾಣಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಹೇಳಿದ್ದೊಂದು, ಕಳಿಸಿದ್ದೊಂದು ಆದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ನಾನು ಬರೀ ಮಧ್ಯದವಳು ಎಂಬ ಸಬೂಬು ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ ನಡೆಯದು. ಹಣ ಪಡೆದು ಮಾರಿದವರೇ ಗಿರಾಕಿಯ ಎದುರು ಮಾರಾಟಗಾರರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಅನುಕೂಲ ಮಾಡಿಕೊಟ್ಟಿದೆ: ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ನೆಮ್ಮಾರಿನವರು ಸೂರತ್ತಿಗೆ ಅಲೆಯಬೇಕಿಲ್ಲ, ಚಿಕ್ಕಮಗಳೂರಿನ ಜಿಲ್ಲಾ ಆಯೋಗ ಸಾಕು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಹಾಗಾದರೆ ಈ ಪದ್ಧತಿಯಿಂದ ನಮಗೆ ಪ್ರಯೋಜನವೇ ಇಲ್ಲವೇ? ಇದೆ, ಆದರೆ ತಿರುಗುಮುರುಗಾಗಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನು, ಕಾಳುಮೆಣಸು, ಮುರುಗಲು, ಹಾಳೆ ತಟ್ಟೆ ಇವಕ್ಕೆ ಬೆಂಗಳೂರಿನಲ್ಲಿ ಗಿರಾಕಿಗಳಿದ್ದಾರೆ. ಅಲ್ಲಿ ಪುಟ ನಡೆಸುವವರು ಆರ್ಡರ್ ಹಿಡಿಯಲಿ, ಜಾಹೀರಾತಿನ ದುಡ್ಡು ಅವರೇ ಸುರಿಯಲಿ. ಮಾಲು ನಮ್ಮ ಮನೆಯಿಂದ ನೇರವಾಗಿ ಗಿರಾಕಿಗೆ ಹೋಗಲಿ. ಆಗ ಗೋದಾಮಿನ ಕೀಲಿ ನಮ್ಮ ಸೊಂಟದಲ್ಲಿರುತ್ತದೆ. ಕೆಲಸ ಸಲೀಸೇನಲ್ಲ. ಗಾಜಿನ ಬಾಟಲಿ ದಾರಿಯಲ್ಲಿ ಒಡೆಯುತ್ತದೆ, ಆಷಾಢದ ಥಂಡಿಗೆ ಹಪ್ಪಳ ಮೆತ್ತಗಾಗುತ್ತದೆ, ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆನ್‌ಲೈನಿನಲ್ಲಿ ಮಾರಬೇಕಾದರೆ ಜಿಎಸ್‌ಟಿ ಕಡ್ಡಾಯ ಎಂಬ ಹೆದರಿಕೆ ಮಾತ್ರ ಕಡಿಮೆಯಾಗಿದೆ: ರಾಜ್ಯದೊಳಗೆ ಇ-ಕಾಮರ್ಸ್ ತಾಣಗಳ ಮೂಲಕ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ವಿನಾಯಿತಿ ಸಿಕ್ಕಿದೆ. ರಾಜ್ಯದ ಗಡಿ ದಾಟಿ ಮಾರುವವರು ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯಬೇಕು.

ಸೀರೆಯೋ ಚಪ್ಪಲಿಯೋ ಮಾರಲು ಹೊರಟವರು ಮೊದಲು ಒಂದನ್ನು ನಿಮ್ಮ ಮನೆಗೇ ತರಿಸಿಕೊಂಡು, ಒಗೆದು, ಉಟ್ಟು ನೋಡಿ. ಕೊಳ್ಳುವವರು ಬಿಲ್ಲಿನಲ್ಲಿ ಮಾರಿದವರ ಹೆಸರು, ವಿಳಾಸ ಇದೆಯೇ ನೋಡಿ, ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಮೋಸವಾದರೆ ನಾಚಿಕೆಪಟ್ಟು ಸುಮ್ಮನಾಗದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.