ಕಿರ್ರೆನ್ನುವ ಬ್ರೇಕಿನ ಚರಿತ್ರೆ

ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದವರಿಗೆಲ್ಲ ಆ ಸದ್ದು ಗೊತ್ತು. ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ನೀರು ನಿಂತಿದ್ದ ಜಾಗದಲ್ಲಿ ಈಗ ಬಸ್ಸುಗಳು ಒಂದರ ಹಿಂದೊಂದು ಕಿರ್ರೆಂದು ನಿಲ್ಲುತ್ತವೆ. ಹೊರಗಿನ ರಸ್ತೆಯಲ್ಲಿ ಕಾರುಗಳದ್ದೂ ಅದೇ ರಾಗ. ನಾವು ಮುಖ ಸಿಂಡರಿಸಿ ಮುಂದೆ ಹೋಗುತ್ತೇವೆ. ಈ ಸದ್ದಿಗೂ ಒಂದು ಚರಿತ್ರೆಯಿದೆ. ಅದನ್ನು ಅಡಗಿಸಹೋಗಿ ಮನುಷ್ಯ ತೆತ್ತ ಬೆಲೆಯೂ ಅದರಲ್ಲಿದೆ.

1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ಜರ್ಮನ್ ಮಹಿಳೆ ಗಂಡನಿಗೆ ಹೇಳದೆ, ಆತ ಕಟ್ಟಿದ ಕಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ದಾರಿಯಲ್ಲಿ ಸಿಕ್ಕ ಚಮ್ಮಾರನೊಬ್ಬನಿಂದ ಅವುಗಳಿಗೆ ಚರ್ಮ ಹೊಡೆಸಿದಳು. ಬ್ರೇಕ್ ಲೈನರ್ ಹುಟ್ಟಿದ್ದು ಹೀಗೆ, ಚಪ್ಪಲಿ ಹೊಲಿಯುವ ಕೈಯಲ್ಲಿ.

1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ತಾಮ್ರದ ಪ್ಯಾಡು ಲೋಹದ ತಟ್ಟೆಯನ್ನು ಹಿಡಿದಾಗ ಎದ್ದ ಕಿರುಚಾಟವನ್ನು ಯಾರೂ ಸಹಿಸಲಾಗಲಿಲ್ಲ. ಅದಕ್ಕೆ ಮದ್ದು ಹುಡುಕಿದವನು ಹರ್ಬರ್ಟ್ ಫ್ರೂಡ್. ಕುದುರೆಗಾಡಿಯವರು ಹಳೆಯ ಬೂಟನ್ನೇ ಬ್ರೇಕಿಗೆ ಸಿಕ್ಕಿಸುವುದನ್ನು ಕಂಡು 1897ರಿಂದಲೇ ಆತ ಬ್ರೇಕಿನ ತುಂಡುಗಳನ್ನು ಮಾಡುತ್ತಿದ್ದ. 1900ರ ದಶಕ ಮುಗಿಯುವ ಹೊತ್ತಿಗೆ ಅವನು ಕಲ್ನಾರಿನ ಲೈನರ್ ತಂದ. ಕಲ್ನಾರು ಬಿಸಿಗೆ ಸುಡುವುದಿಲ್ಲ, ಬೇಗ ಸವೆಯುವುದಿಲ್ಲ, ಮೇಲಾಗಿ ಸದ್ದು ಮಾಡುವುದಿಲ್ಲ. ಲೋಕದ ಕಾರುಗಳೆಲ್ಲ ಮೌನವಾಗಿ ನಿಲ್ಲಲು ಕಲಿತವು.

ಆದರೆ 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಂಗಸು ತೀರಿಕೊಂಡಾಗ, ಅವಳ ಶ್ವಾಸಕೋಶದಲ್ಲಿ ಆ ನಾರಿನ ಚೂರುಗಳು ಸಿಕ್ಕವು. ಇದು ಗೊತ್ತಾದ ಮೇಲೂ ದಶಕಗಟ್ಟಲೆ ಲೈನರ್‌ಗಳಲ್ಲಿ ಕಲ್ನಾರು ಉಳಿಯಿತು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ನಮ್ಮಲ್ಲಿ ಇಂದಿಗೂ ಪೂರ್ಣ ನಿಷೇಧವಿಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಟೌನ್‌ಹಾಲ್ ದಾಟಿ ಜೆ.ಸಿ. ರಸ್ತೆಯ ಗ್ಯಾರೇಜಿಗೆ ಹೋಗುತ್ತಿದ್ದೆ. ಮೇಸ್ತ್ರಿ ಡ್ರಮ್ ಬಿಚ್ಚಿ ಒಳಗಿನ ಕರಿಧೂಳನ್ನು ಬಾಯಿಯಿಂದ ಉಫ್ ಎಂದು ಊದುತ್ತಿದ್ದರು. ಆಮೇಲೆ ಲೈನರ್ ಮೇಲೆ ಉಜ್ಜುಕಾಗದ ಆಡಿಸಿ, "ಈಗ ನೋಡಿ ಸಾರ್, ಸುಮ್ಮನಿರ್ತದೆ" ಎನ್ನುತ್ತಿದ್ದರು. ಆ ಧೂಳು ಏನೆಂದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಅಷ್ಟಕ್ಕೂ ಬ್ರೇಕು ಕಿರುಚುವುದೇಕೆ? ಪ್ಯಾಡು ತಟ್ಟೆಯನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಹೀಗೆ ಸೆಕೆಂಡಿಗೆ ಸಾವಿರಾರು ಸಲ ಲೋಹ ನಡುಗಿದಾಗ ಆ ಸದ್ದು ಏಳುತ್ತದೆ. ರಾಳ ಹಚ್ಚಿದ ಕಮಾನು ಪಿಟೀಲಿನ ತಂತಿಯ ಮೇಲೆ ಮಾಡುವ ಕೆಲಸವೂ ಇದಕ್ಕೆ ಹತ್ತಿರದ್ದೇ. ಆ ಕಮಾನಿನ ಗುಟ್ಟನ್ನು ಬಿಡಿಸಿ 1918ರಲ್ಲಿ ಪ್ರಬಂಧ ಪ್ರಕಟಿಸಿದವರು ಸಿ.ವಿ. ರಾಮನ್. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಮುಂದೆ ಮಲ್ಲೇಶ್ವರದಲ್ಲಿ ಮನೆ ಮಾಡಿದರು. ರಾಮನವಮಿಯ ಕಛೇರಿಯಲ್ಲಿ ನಾವು ತಲೆದೂಗುವ ನಾದಕ್ಕೂ, ಸಿಗ್ನಲ್‌ನಲ್ಲಿ ಕಿವಿ ಮುಚ್ಚಿಸುವ ಸದ್ದಿಗೂ ನೆಂಟಸ್ತಿಕೆ ಇದೆ.

ಆದ್ದರಿಂದ ಆ ಸದ್ದನ್ನು ಕೇಳಿಸಿಕೊಳ್ಳಬೇಕು. ಮಳೆಯ ಮರುದಿನ ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದ ಮೇಲೆ ಸದ್ದು ಹೋದರೆ, ಅದು ತಟ್ಟೆಯ ಮೇಲಿನ ತೆಳು ತುಕ್ಕು, ಚಿಂತೆಯಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಕಿರ್ರೆಂದರೆ ಪ್ಯಾಡು ಕಾದು ಗಾಜಿನಂತೆ ನುಣುಪಾಗಿರಬಹುದು, ಇಲ್ಲವೇ ಧೂಳು ಸೇರಿರಬಹುದು. ಅನೇಕ ಕಾರುಗಳ ಪ್ಯಾಡಿನಲ್ಲಿ ಒಂದು ಪುಟ್ಟ ತಗಡು ಇರುತ್ತದೆ. ಪ್ಯಾಡು ಸವೆದಾಗ ಅದು ತಟ್ಟೆಗೆ ತಾಗಿ ಕೂಗಲೆಂದೇ ಇಟ್ಟದ್ದು. ಆ ಕೂಗನ್ನೂ ಅಲಕ್ಷಿಸಿದರೆ ಮುಂದೆ ಬರುವುದು ಗರಗರ ಸದ್ದು, ಎಂದರೆ ಲೋಹ ಲೋಹವನ್ನು ತಿನ್ನುತ್ತಿದೆ ಎಂದರ್ಥ. ಆಗ ತಡಮಾಡುವಂತಿಲ್ಲ.

ಕಲ್ನಾರು ಬಿಟ್ಟು ಉಕ್ಕಿನ ನಾರು ಬೆರೆಸಿದ ಪ್ಯಾಡುಗಳು ಬಂದ ಮೇಲೆ ಕಿರುಚಾಟ ಸ್ವಲ್ಪ ಮರಳಿ ಬಂದಿದೆ. ಬರಲಿ. ಸದ್ದು ಮಾಡುವ ಬ್ರೇಕು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಸದ್ದಿಲ್ಲದ ಆ ಧೂಳು ಮೇಸ್ತ್ರಿಗೆ ಏನನ್ನೂ ಹೇಳಿರಲಿಲ್ಲ.